ಅನಾಥ ಕಡತ

ಡಿಸ್ಕಿನಲ್ಲಿ ಜಾಗ ಹಿಡಿದಿದ್ದರೂ ಯಾವ ಫೋಲ್ಡರಿಗೂ ಸೇರದ, ಇಲ್ಲವೇ ಜಾಲತಾಣದಲ್ಲಿದ್ದರೂ ಯಾವ ಪುಟದಿಂದಲೂ ಕೊಂಡಿಯಿಲ್ಲದ ಫೈಲು. ಕರೆಂಟು ಹಠಾತ್ತನೆ ಹೋದಾಗ ಮೊದಲ ಬಗೆಯದು ಹುಟ್ಟುವುದುಂಟು. ವಿಂಡೋಸ್‌ನ ಡಿಸ್ಕು ತಪಾಸಣೆ ತಂತ್ರಾಂಶ ಚೆಕ್‌ಡಿಸ್ಕ್ ಇಂಥ ತುಣುಕುಗಳನ್ನು ‘ಫೌಂಡ್.000’ ಫೋಲ್ಡರಿನಲ್ಲಿ ‘ಸಿಎಚ್‌ಕೆ’ ಫೈಲುಗಳಾಗಿ ಕೂಡಿಡುತ್ತದೆ; ಲಿನಕ್ಸ್‌ನ ಎಫ್‌ಎಸ್‌ಸಿಕೆ ಫೈಲಿನ ಒಳಗುರುತಾದ ಐನೋಡ್ ಸಂಖ್ಯೆಯನ್ನೇ ಹೆಸರಾಗಿಸಿ ‘ಲಾಸ್ಟ್+ಫೌಂಡ್’ಗೆ ಹಾಕುತ್ತದೆ. ಮೂಲ ಹೆಸರು ಹೋಗಿರುವುದರಿಂದ ಒಂದೊಂದನ್ನೂ ತೆರೆದು ನೋಡದೆ ಗತಿಯಿಲ್ಲ.

ಜಾಲತಾಣದಲ್ಲಾದರೆ ಸರ್ವರಿನ ಫೈಲುಪಟ್ಟಿಯನ್ನು ಪುಟಗಳ ಕೊಂಡಿಗಳೊಂದಿಗೆ ತಾಳೆ ನೋಡಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬಳಕೆಯಾಗದ ಫೈಲುಗಳ ಪಟ್ಟಿಯನ್ನು ಮೀಡಿಯಾವಿಕಿ ತಂತ್ರಾಂಶವೇ ಒದಗಿಸುತ್ತದೆ. ಅದನ್ನೇ ನೆಚ್ಚಿ ಅಳಿಸುವುದು ಅವಸರದ ಕೆಲಸ: ಚಿತ್ರವೊಂದಕ್ಕೆ ಹೊರಗಿನ ತಾಣ ನೇರವಾಗಿ ಕೊಂಡಿ ಕೊಟ್ಟಿದ್ದರೂ ಅದು ಈ ಪಟ್ಟಿಯಲ್ಲಿ ಬಳಕೆಯಿಲ್ಲದ್ದೆಂದೇ ಕಾಣುತ್ತದೆ. ಅಳಿಸುವ ಮುನ್ನ ಒಂದು ಪ್ರತಿ ಬೇರೆಡೆ ತೆಗೆದಿಡಬೇಕು.