ಫೋಮ್ ತಯಾರಿಕೆ ಮತ್ತು ಓಜೋನ್ ಪದರ: ಸಣ್ಣ ಘಟಕಗಳ ಬದಲಾವಣೆಯ ಹಾದಿ

ಶೀತಲಗೃಹದ ಗೋಡೆ, ರೆಫ್ರಿಜರೇಟರಿನ ಒಡಲು, ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರಿನ ಟ್ಯಾಂಕು, ಇವುಗಳ ಪದರಗಳ ನಡುವೆ ಸಾಮಾನ್ಯವಾಗಿ ಇರುವುದು ಗಟ್ಟಿ ಪಾಲಿಯುರೆಥೇನ್ ಫೋಮ್. ಪಾಲಿಯಾಲ್ ಮತ್ತು ಐಸೊಸಯನೇಟ್ ಎಂಬ ಎರಡು ದ್ರವಗಳು ಬೆರೆತಾಗ ಹುಟ್ಟುವ ಶಾಖಕ್ಕೆ ಮೂರನೆಯ ದ್ರವವೊಂದು ಆವಿಯಾಗಿ ಮಿಶ್ರಣವನ್ನು ಉಬ್ಬಿಸುತ್ತದೆ. ಓಜೋನ್‌ಗೆ ಕುತ್ತಾದದ್ದು ಈ ಮೂರನೆಯ ದ್ರವ.

ಮೊದಲು ಬಳಕೆಯಲ್ಲಿದ್ದದ್ದು ಸಿಎಫ್‌ಸಿ-11. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2010ರ ವೇಳೆಗೆ ಅಭಿವೃದ್ಧಿಶೀಲ ರಾಷ್ಟ್ರಗಳೂ ಸಿಎಫ್‌ಸಿಗಳನ್ನು ಕೈಬಿಡಬೇಕಾಯಿತು. ಅವುಗಳ ಸ್ಥಾನಕ್ಕೆ ಬಂದದ್ದು ಎಚ್‌ಸಿಎಫ್‌ಸಿ-141ಬಿ. ಸಿಎಫ್‌ಸಿ-11ರ ಓಜೋನ್ ಹಾನಿಯನ್ನು 1 ಎಂದಿಟ್ಟುಕೊಂಡರೆ ಇದರದು 0.11. ಅಲ್ಪವೇ ಸರಿ, ಆದರೆ ಶೂನ್ಯವಲ್ಲ. ಭಾರತ ಇದರ ಆಮದನ್ನು 2020ರ ಜನವರಿ 1ರಿಂದ ನಿಷೇಧಿಸಿತು.

ದೊಡ್ಡ ಕಂಪನಿಗಳಿಗೆ ಸೈಕ್ಲೋಪೆಂಟೇನ್ ಎಂಬ ಪರ್ಯಾಯ ಮೊದಲೇ ಇತ್ತು. ದ್ರವವೇನೋ ಅಗ್ಗ, ಆದರೆ ಸುಲಭವಾಗಿ ಹೊತ್ತಿಕೊಳ್ಳುವಂಥದು. ಸುರಕ್ಷಿತ ಸಂಗ್ರಹ ಟ್ಯಾಂಕು, ಅನಿಲ ಸೋರಿಕೆ ಪತ್ತೆ ಸಾಧನ, ಗಾಳಿ ಹೊರಹಾಕುವ ವ್ಯವಸ್ಥೆ, ಕಿಡಿ ಹಾರದ ವಿದ್ಯುತ್ ಜೋಡಣೆ ಎಲ್ಲವೂ ಬೇಕು. ಉತ್ಪಾದನೆ ಹತ್ತರಲ್ಲೊಂದು ಪಾಲಾದ ಮಾತ್ರಕ್ಕೆ ಈ ವೆಚ್ಚವೂ ಹತ್ತರಲ್ಲೊಂದು ಪಾಲಾಗುವುದಿಲ್ಲ. ಬಾಡಿಗೆ ಶೆಡ್ಡಿನಲ್ಲಿ ನಡೆಯುವ ಘಟಕಕ್ಕೆ ಇದು ಕೈಗೆಟುಕದ ಮಾತು.

ಆದ್ದರಿಂದ ನೆರವಿನ ದಾರಿ ಹೆಚ್ಚಾಗಿ 'ಸಿಸ್ಟಂ ಹೌಸ್'ಗಳ ಮೂಲಕ ಸಾಗಿತು. ಪಾಲಿಯಾಲ್‌ಗೆ ಬೇಕಾದುದನ್ನೆಲ್ಲ ಬೆರೆಸಿ ಡ್ರಮ್ಮುಗಳಲ್ಲಿ ಮಾರುವ ಕಂಪನಿಗಳಿವು. ಸೂತ್ರ ಇಲ್ಲಿ ಬದಲಾದರೆ ಗ್ರಾಹಕರಾದ ಸಣ್ಣ ತಯಾರಕರೆಲ್ಲ ಬದಲಾಗುತ್ತಾರೆ. ಅವರಿಗೆ ಪ್ರಯೋಗಾಲಯ ಬೇಕಿಲ್ಲ, ಬೇಕಾದದ್ದು ಪ್ರಾಯೋಗಿಕ ತಯಾರಿಕೆ ಮತ್ತು ತರಬೇತಿ.

ಆಯ್ಕೆಗಳೇನೋ ಇವೆ, ಪ್ರತಿಯೊಂದಕ್ಕೂ ಒಂದು ಕೊರತೆಯೂ ಇದೆ. ನೀರು ಬಳಸಿದರೆ ಅದು ಐಸೊಸಯನೇಟ್‌ನೊಂದಿಗೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೆಂಕಿಯ ಭಯವಿಲ್ಲ, ಆದರೆ ಶಾಖ ತಡೆಯುವ ಗುಣ ತುಸು ಕಡಿಮೆ. ಮೀಥೈಲ್ ಫಾರ್ಮೇಟ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದರೂ ಪಾಲಿಯಾಲ್‌ನಲ್ಲಿ ಮೊದಲೇ ಬೆರೆಸಿ ಕೊಟ್ಟಾಗ ಅಪಾಯ ತಗ್ಗುತ್ತದೆ. ಎಚ್‌ಎಫ್‌ಒಗಳು ಉತ್ತಮ ಫೋಮ್ ನೀಡುತ್ತವೆ. ಅವುಗಳ ಬೆಲೆಯೇ ಸಣ್ಣವರಿಗೆ ಹೊರೆ.

ಹಣ ಬರುವುದು 1990ರಲ್ಲಿ ರೂಪುಗೊಂಡ ಬಹುಪಕ್ಷೀಯ ನಿಧಿಯಿಂದ. ಬದಲಾವಣೆಯಿಂದಾಗುವ ಹೆಚ್ಚುವರಿ ವೆಚ್ಚವನ್ನಷ್ಟೇ ಅದು ಭರಿಸುತ್ತದೆ. 2007ರ ಸೆಪ್ಟೆಂಬರ್ 21ರ ನಂತರ ಎಚ್‌ಸಿಎಫ್‌ಸಿ ಆಧಾರಿತ ಸಾಮರ್ಥ್ಯ ಸ್ಥಾಪಿಸಿದ ಘಟಕಗಳಿಗೆ ಅದೂ ಇಲ್ಲ. ನಿಯಮದ ಉದ್ದೇಶ ಸರಿಯಾದರೂ ತಡವಾಗಿ ಉದ್ಯಮಕ್ಕಿಳಿದವರಿಗೆ ನಿಷೇಧ ಮಾತ್ರ ಅನ್ವಯಿಸಿತು, ನೆರವು ಅನ್ವಯಿಸಲಿಲ್ಲ.

ಸಣ್ಣ ಘಟಕಗಳ ಕಡೆಗಣನೆ ಎಷ್ಟು ದುಬಾರಿಯಾಗಬಲ್ಲದು ಎಂಬುದು ಚೀನಾದಲ್ಲಿ ಕಂಡುಬಂತು. ವಾತಾವರಣಕ್ಕೆ ಸಿಎಫ್‌ಸಿ-11 ಮತ್ತೆ ಹೆಚ್ಚಾಗಿ ಸೇರುತ್ತಿದೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದೇ ವರ್ಷ ನಡೆದ ತನಿಖಾ ವರದಿಗಳಲ್ಲಿ ಫೋಮ್ ತಯಾರಕರೇ ಬಾಯಿಬಿಟ್ಟರು: ನಿಷೇಧಿತ ದ್ರವ ಅಗ್ಗವಾಗಿತ್ತು. 2019ರ ಅಧ್ಯಯನವು ಶಾಂಡೊಂಗ್ ಮತ್ತು ಹೆಬೈ ಪ್ರಾಂತಗಳತ್ತ ಬೆರಳು ತೋರಿತು. ಚೀನಾ ಸರ್ಕಾರ ಕಾರ್ಯಾಚರಣೆಗಿಳಿಯಿತು, ಹೊರಸೂಸುವಿಕೆ ಆ ವರ್ಷವೇ ಇಳಿದಿತ್ತೆಂದು 2021ರಲ್ಲಿ ದೃಢಪಟ್ಟಿತು.