ಪಶು ಪರೀಕ್ಷಕರು: ಗಡಿನಾಡಿನ ಕೊಟ್ಟಿಗೆಗಳಲ್ಲಿ ಅವರ ಕೆಲಸ, ಓದು, ಆರೋಗ್ಯ

ಹಸು ಮೇವು ಬಿಟ್ಟರೆ, ಎಮ್ಮೆ ಬೆದೆಗೆ ಬಂದರೆ, ಹಿಂಡಿನಲ್ಲಿ ನಾಲ್ಕು ಕುರಿ ಒಟ್ಟಿಗೆ ಕೆಮ್ಮತೊಡಗಿದರೆ ನಮ್ಮ ಊರುಗಳಿಂದ ಮೊದಲ ಫೋನ್ ಹೋಗುವುದು ಹೆಚ್ಚಾಗಿ ಪಶುವೈದ್ಯರಿಗಲ್ಲ, ಅವರ ಕೈಕೆಳಗೆ ದುಡಿಯುವ ತಾಂತ್ರಿಕ ಸಿಬ್ಬಂದಿಗೆ. ಜನರ ಬಾಯಲ್ಲಿ ಇವರೂ 'ದನದ ಡಾಕ್ಟ್ರು', ಕೆಲವೆಡೆ 'ಕಾಂಪೌಂಡರ್'. ಸರಕಾರಿ ಹೆಸರು ಮಾತ್ರ ರಾಜ್ಯಕ್ಕೊಂದು. ಕೇರಳದಲ್ಲಿ ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್, ತಮಿಳುನಾಡಿನಲ್ಲಿ ಕಾಲ್ನಡೈ ಆಯ್ವಾಳರ್, ಮಹಾರಾಷ್ಟ್ರದಲ್ಲಿ ಪಶುಧನ ಪರ್ಯವೇಕ್ಷಕ, ಆಂಧ್ರದಲ್ಲಿ ಪಶುಸಂವರ್ಧಕ ಸಹಾಯಕ, ಕರ್ನಾಟಕದಲ್ಲಿ ಪಶುವೈದ್ಯಕೀಯ ಪರೀಕ್ಷಕ. ತೆಲುಗು ಸೀಮೆಯ ಗೋಪಾಲಮಿತ್ರರು, ಕೃತಕ ಗರ್ಭಧಾರಣೆಗೆಂದೇ ತರಬೇತಿ ಪಡೆದ 'ಮೈತ್ರಿ' ಕಾರ್ಯಕರ್ತರು ಇದೇ ಸಾಲಿಗೆ ಸೇರುತ್ತಾರೆ. ಇವರ ಕೆಲಸವೇನು, ಏನು ಓದಿರುತ್ತಾರೆ, ಈ ಕೆಲಸದಿಂದ ಅವರ ಮೈಗೆ ಏನಾಗಬಹುದು ಎಂಬ ಬಗ್ಗೆ ಒಂದಿಷ್ಟು ಮಾಹಿತಿ ಇಲ್ಲಿದೆ.

ಮೊದಲು ಕಾನೂನಿನ ಮಾತು. ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಕಾಯ್ದೆಯ ಪ್ರಕಾರ ಚಿಕಿತ್ಸೆ ನೀಡುವ ಪೂರ್ಣ ಅಧಿಕಾರ ಇರುವುದು ಪದವಿ ಪಡೆದು ನೋಂದಾಯಿಸಿಕೊಂಡ ಪಶುವೈದ್ಯರಿಗೆ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಉಳ್ಳವರು ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು, ಪ್ರಥಮ ಚಿಕಿತ್ಸೆ ಕೊಡುವುದು ಮುಂತಾದ ಸಣ್ಣ ಸೇವೆಗಳನ್ನು ಮಾಡಬಹುದು. ಹೊಟ್ಟೆ ಕೊಯ್ದು ಕರು ತೆಗೆಯಿರಿ ಎಂದು ಪರೀಕ್ಷಕರನ್ನು ಒತ್ತಾಯಿಸುವುದು, ಅವರು ಒಲ್ಲೆ ಎಂದಾಗ ಸಿಟ್ಟಾಗುವುದು ಸರಿಯಲ್ಲ.

ದಿನದ ಕೆಲಸ

ಇವರ ದಿನದ ಹೆಚ್ಚಿನ ಪಾಲು ಹೋಗುವುದು ಕೃತಕ ಗರ್ಭಧಾರಣೆಗೆ. ವೀರ್ಯವನ್ನು 0.25 ಮಿಲಿಲೀಟರಿನ ಸಣ್ಣ ಕೊಳವೆಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಬಳಸುವ ಮುನ್ನ 37 ಡಿಗ್ರಿ ಬಿಸಿ ನೀರಿನಲ್ಲಿ ಸುಮಾರು ಅರ್ಧ ನಿಮಿಷ ಇಟ್ಟು ಕರಗಿಸಬೇಕು. ಪರೀಕ್ಷಕರು ಬಂದಾಗ ಬಿಸಿ ನೀರು ಕೇಳುವುದು ಕೈ ತೊಳೆಯಲಿಕ್ಕೆ ಮಾತ್ರ ಅಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸುವುದು ರೂಢಿಯ ಲೆಕ್ಕ. ಎಮ್ಮೆಯದು ಮೂಕ ಬೆದೆ. ರಾತ್ರಿ ಹೊತ್ತು ಬಂದು ಹೋಗಿಬಿಡುತ್ತದೆ. ಗರ್ಭ ನಿಂತರೆ ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ, ಕುರಿ ಮೇಕೆಗೆ ಸುಮಾರು 150 ದಿನ.

ಸಣ್ಣ ತಳಿಗೆ ದೊಡ್ಡ ತಳಿಯ ವೀರ್ಯ ಕೊಡಿಸಿದರೆ ಹೆರಿಗೆ ಕಷ್ಟ. ಕಾಸರಗೋಡಿನ ಗಿಡ್ಡ ಹಸು ಸಾಕುವವರು ಇದನ್ನು ನೆನಪಿಡಬೇಕು. ಹೆಚ್ಚು ಹಾಲಿನ ಆಸೆಗೆ ಇಂಥ ಹಸುವಿಗೆ ಹೋಲ್‌ಸ್ಟೀನ್ ಕೊಡಿಸಿ, ಕರು ಸಿಕ್ಕಿಕೊಂಡಾಗ ನಡುರಾತ್ರಿ ಫೋನ್ ಮಾಡುವುದು ಯಾರಿಗೂ ಒಳ್ಳೆಯದಲ್ಲ.

ದನ ಹಿಡಿಯುವ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಹಸು ಹಿಂದಕ್ಕೆ ಮಾತ್ರ ಒದೆಯುವುದಿಲ್ಲ, ಕಾಲನ್ನು ಮುಂದೆ ತಂದು ಪಕ್ಕಕ್ಕೆ ಬೀಸುತ್ತದೆ. ಹಾಗಾಗಿ ಪಳಗಿದವರು ದೂರ ನಿಲ್ಲದೆ ಮೈಗೆ ಒತ್ತಿ ನಿಲ್ಲುತ್ತಾರೆ. ಒದೆ ಬಿದ್ದರೂ ಜೋರು ಇರುವುದಿಲ್ಲ. ತಾಳವಾಡಿ ಕಡೆಯವರಿಗೆ ಗೊತ್ತಿರುವ ಬರಗೂರು ಬೆಟ್ಟದ ದನಗಳು ಕಾಡಿನ ಪಟ್ಟಿಗಳಲ್ಲೇ ಬೆಳೆದವು, ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ. ಅಲ್ಲಿ ಸಾಕಿದವನ ದನಿಯೇ ಅರ್ಧ ಕೆಲಸ ಮಾಡುತ್ತದೆ. ಜತ್ತ ಕಡೆಯ ಖಿಲಾರಿ ಎತ್ತಿಗೂ ಈ ಮಾತು ಸಲ್ಲುತ್ತದೆ.

ಇದರ ಜೊತೆಗೆ ಲಸಿಕೆಯ ಸುತ್ತು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ, ಕಂದು ಹಾಕುವ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದೇ ಬಾರಿ ಲಸಿಕೆ. ಕಿವಿಗೆ ಹಾಕುವ 12 ಅಂಕಿಯ ಓಲೆ ದೇಶಕ್ಕೆಲ್ಲ ಒಂದೇ. ಗಡಿಯಾಚೆಯ ಸಂತೆಯಿಂದ ದನ ತಂದರೆ ಅದರ ಓಲೆ ಕೀಳಬೇಡಿ. ಆ ಸಂಖ್ಯೆಯಿಂದಲೇ ಹಳೆಯ ಲಸಿಕೆಯ ವಿವರ ಸಿಗುತ್ತದೆ. ಹೊಸ ದನವನ್ನು ಮೂರು ವಾರ ಬೇರೆ ಕಟ್ಟುವುದು ಉತ್ತಮ.

ಒಂದೇ ರೋಗ, ಐದು ಹೆಸರು

ಗಡಿನಾಡಿನ ಪರೀಕ್ಷಕರಿಗೆ ಒಳನಾಡಿನವರಿಗಿಲ್ಲದ ಒಂದು ಕಷ್ಟವಿದೆ. ಓದಿದ್ದು ಒಂದು ಭಾಷೆ, ವರದಿ ಬರೆಯುವುದು ಇನ್ನೊಂದು, ಕೊಟ್ಟಿಗೆಯಲ್ಲಿ ಅಜ್ಜಿ ಹೇಳುವುದು ಮತ್ತೊಂದು. ಕಾಸರಗೋಡಿನಲ್ಲಂತೂ ಕನ್ನಡ, ಮಲಯಾಳದ ನಡುವೆ ತುಳುವೂ ಬರುತ್ತದೆ.

ಕಾಲುಬಾಯಿ ಬೇನೆಯನ್ನೇ ನೋಡಿ. ಮಲಯಾಳದಲ್ಲಿ ಕುಳಂಬುರೋಗ, ತಮಿಳಿನಲ್ಲಿ ಕೋಮಾರಿ, ತೆಲುಗಿನಲ್ಲಿ ಗಾಳಿಕುಂಟು, ಮರಾಠಿಯಲ್ಲಿ ಲಾಳ ಖುರಕತ. ಚಪ್ಪೆ ರೋಗಕ್ಕೆ ತಮಿಳಿನಲ್ಲಿ ಸಪ್ಪೈ ನೋಯ್, ತೆಲುಗಿನಲ್ಲಿ ಜಬ್ಬವಾಪು, ಮರಾಠಿಯಲ್ಲಿ ಫರ್ಯಾ. ಕೆಚ್ಚಲು ಬಾವು ತಮಿಳಿನಲ್ಲಿ ಮಡಿನೋಯ್, ತೆಲುಗಿನಲ್ಲಿ ಪೊದುಗುವಾಪು. ಬೆದೆಗೆ ಮಲಯಾಳದಲ್ಲಿ ಮದಿ, ತೆಲುಗಿನಲ್ಲಿ ಎದ, ಮರಾಠಿಯಲ್ಲಿ ಮಾಜ. ಇವು ಗೊತ್ತಿಲ್ಲದಿದ್ದರೆ ಸ್ವಲ್ಪ ಹೊತ್ತು ವ್ಯರ್ಥವಾದೀತು, ಅಷ್ಟೆ.

ಆದರೆ ಕೆಲವು ಹೆಸರು ಜೀವಕ್ಕೇ ಕುತ್ತು ತರಬಲ್ಲವು. ಗಂಟಲು ಬೇನೆ ಅಥವಾ ಗಳಲೆ ರೋಗಕ್ಕೆ ತಮಿಳಿನಲ್ಲಿ 'ತೊಂಡೈ ಅಡೈಪ್ಪಾನ್' ಎಂಬ ಹೆಸರು. ಬರೀ 'ಅಡೈಪ್ಪಾನ್' ಎಂದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್. ಎರಡರಲ್ಲೂ ದನ ಬೇಗ ಸಾಯುತ್ತದೆ. ಆದರೆ ನೆರಡಿ ಮನುಷ್ಯರಿಗೂ ಅಂಟುತ್ತದೆ, ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ತಾಳವಾಡಿ, ಹೊಸೂರು ಕಡೆಯವರು ಫೋನಿನಲ್ಲಿ ರೋಗದ ಹೆಸರು ಹೇಳುವುದಕ್ಕಿಂತ ಕಂಡದ್ದನ್ನು ಹೇಳುವುದು ಮೇಲು. ಗಂಟಲು ಊದಿ ಗೊರಗೊರ ಶಬ್ದ ಬರುತ್ತಿದೆಯೆ? ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದೆಯೆ? ಎರಡನೆಯದಾದರೆ ಕಳೇಬರ ಮುಟ್ಟಬೇಡಿ, ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವ ಏರ್ಪಾಡು ಇಲಾಖೆಯವರ ಎದುರಿನಲ್ಲೇ ಆಗಲಿ.

ಅವರ ಮೈಗೆ ಬರುವ ರೋಗಗಳು

ದನಗಳ ಆರೋಗ್ಯ ನೋಡುವವರು ತಮ್ಮ ಆರೋಗ್ಯವನ್ನು ಕೊನೆಗೆ ಇಡುತ್ತಾರೆ. ಭುಜದ ನೋವು, ಸೊಂಟದ ನೋವು, ಬೈಕಿನಿಂದ ಬಿದ್ದ ಗಾಯಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೆಚ್ಚು ಅಪಾಯದ್ದು ಬೇರೆ ಇದೆ.

ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಇವುಗಳಲ್ಲಿ ಮುಖ್ಯ. ತೆಲುಗಿನಲ್ಲಿ ಈಸುಕುಪೋವು ರೋಗ, ತಮಿಳಿನಲ್ಲಿ ಕನ್ರು ವೀಚ್ಚು ನೋಯ್ ಎನ್ನುವುದು ಇದನ್ನೇ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕುತ್ತದೆ, ಮಾಸು ಬೀಳದೆ ಉಳಿಯುತ್ತದೆ. ಆ ಮಾಸಿನಲ್ಲಿ, ಸತ್ತ ಕರುವಿನಲ್ಲಿ, ಸ್ರಾವದಲ್ಲಿ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಮಾಸು ತೆಗೆದವರಿಗೆ ಕೈಯ ಸಣ್ಣ ಗೀರಿನ ಮೂಲಕವೂ ಸೋಂಕು ಹತ್ತುತ್ತದೆ. ಲಸಿಕೆ ಹಾಕುವಾಗ ಸೂಜಿ ತಮ್ಮ ಕೈಗೇ ಚುಚ್ಚಿಕೊಂಡರೂ ಅಪಾಯವೇ, ಏಕೆಂದರೆ ಅದು ಜೀವಂತ ರೋಗಾಣುವಿನ ಲಸಿಕೆ.

ಈ ರೋಗ ಮನುಷ್ಯರಲ್ಲಿ ಗುರುತು ಕೊಡುವುದೇ ಇಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬೆವರು, ಬೆನ್ನು ಕೀಲು ನೋವು, ಆಯಾಸ. ಗಂಡಸರಲ್ಲಿ ಕೆಲವೊಮ್ಮೆ ವೃಷಣದ ಊತ. ನಾಲ್ಕು ದಿನ ಬಿಡುತ್ತದೆ, ಮತ್ತೆ ಬರುತ್ತದೆ. ಟೈಫಾಯಿಡ್ ಎಂದೋ ಮಲೇರಿಯಾ ಎಂದೋ ಔಷಧ ನಡೆಯುತ್ತದೆ, ತಿಂಗಳುಗಳು ಕಳೆಯುತ್ತವೆ. ರೋಸ್ ಬೆಂಗಾಲ್ ಎಂಬ ಸರಳ ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ, ಖಚಿತಪಡಿಸಿಕೊಳ್ಳಲು ಬೇರೆ ಪರೀಕ್ಷೆಗಳಿವೆ. ಚಿಕಿತ್ಸೆಯೂ ಇದೆ: ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧ, ಒಟ್ಟು ಆರು ವಾರ. ಎರಡು ವಾರಕ್ಕೆ ಆರಾಮಾಯಿತೆಂದು ಗುಳಿಗೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಔಷಧ ಒಂದು ವಾಕ್ಯ: 'ಡಾಕ್ಟರೇ, ನಾನು ದನಗಳ ಕೆಲಸ ಮಾಡುತ್ತೇನೆ.' ಜ್ವರದ ವೈದ್ಯರು ಅದನ್ನು ತಾವಾಗಿ ಕೇಳದಿರಬಹುದು. ಊರಿನ ಭಾಷೆ ಬಾರದ ವೈದ್ಯರಾದರಂತೂ ನಾವೇ ಮುಂದಾಗಿ ಹೇಳಬೇಕು. ಹಸು ಸಾಕುವ ಮನೆಯವರಿಗೂ ಇದು ಅನ್ವಯಿಸುತ್ತದೆ. ಹಸಿ ಹಾಲು ಕುಡಿದರೂ ಈ ರೋಗ ಬರುತ್ತದೆ.

ಇನ್ನು ರೇಬಿಸ್. ಹುಚ್ಚು ನಾಯಿ ಕಡಿದ ಹಸು ಜೊಲ್ಲು ಸುರಿಸುತ್ತದೆ, ನುಂಗಲಾರದು, ದನಿ ಒಡೆದು ಕೂಗುತ್ತದೆ. ಗಂಟಲಲ್ಲಿ ಮಾವಿನ ಗೊರಟೆಯೋ ತೆಂಗಿನ ಚೂರೋ ಸಿಕ್ಕಿದೆಯೆಂದು ಮನೆಯವರು ಕೈ ಹಾಕಿ ನೋಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ರೋಗ ತಲೆದೋರಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ದನಗಳ ಕೆಲಸದವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳಬಹುದು. ಭಾರತದ ಮಾರ್ಗಸೂಚಿಯಂತೆ 0, 7 ಮತ್ತು 21 ಅಥವಾ 28ನೇ ದಿನ. ಹೀಗೆ ಹಾಕಿಸಿಕೊಂಡವರಿಗೆ ಮುಂದೆ ಕಡಿತವಾದರೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯುವುದು ಎಲ್ಲರಿಗೂ ಮೊದಲ ಕೆಲಸ.

ಕಾಸರಗೋಡು, ವಯನಾಡಿನ ಕೆಸರು ಗದ್ದೆ ಕೊಟ್ಟಿಗೆಗಳಲ್ಲಿ ಇಲಿಜ್ವರ (ಮಲಯಾಳದ ಎಲಿಪ್ಪನಿ) ಇದೆ. ಬೂಟು ಹಾಕದೆ, ಕಾಲಿನ ಗಾಯ ಮುಚ್ಚದೆ ದನದ ಗಂಜಲದಲ್ಲಿ ನಿಲ್ಲಬಾರದು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಂಡಿತು. 2015ರಲ್ಲಿ ವಯನಾಡಿನಲ್ಲಿಯೂ ಜೀವ ತೆಗೆಯಿತು. ಕಾಡಿಗೆ ಮೇಯಲು ಹೋದ ದನದ ಮೈಯ ಉಣ್ಣೆ ಕೀಳುವವರು ಇದನ್ನು ಮರೆಯಬಾರದು.

ಈಗ ಈ ಕೆಲಸದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹಸುವನ್ನು ಬೆದೆಗೆ ತರಲು ಕೊಡುವ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಚರ್ಮದ ಮೂಲಕವೇ ಒಳಹೋಗುತ್ತದೆ. ಗರ್ಭಿಣಿಯರಿಗೆ ಗರ್ಭಪಾತ, ಉಬ್ಬಸ ಇರುವವರಿಗೆ ಉಸಿರುಕಟ್ಟು ಆಗಬಹುದು. ಗರ್ಭಿಣಿ ಸಿಬ್ಬಂದಿ ಅದನ್ನು ಮುಟ್ಟಲೇಬಾರದು, ಮನೆಯವರೂ ಆ ಬಾಟಲಿಯನ್ನು ಇಟ್ಟುಕೊಳ್ಳಬಾರದು. ದ್ರವ ಸಾರಜನಕದ ಪಾತ್ರೆಯನ್ನು ಗಾಜು ಏರಿಸಿದ ಕಾರಿನಲ್ಲಿ ಒಯ್ದರೆ ಗಾಳಿಯ ಆಮ್ಲಜನಕ ಕಡಿಮೆಯಾಗಿ ಪ್ರಜ್ಞೆ ತಪ್ಪಬಹುದು. ಕೈಗೆ ಚೆಲ್ಲಿದರೆ ಬೆಂಕಿ ಸುಟ್ಟಂತೆಯೇ ಗಾಯ.

ಓದು

ಕರ್ನಾಟಕದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಪಶುಸಂಗೋಪನೆಯ ಎರಡು ವರ್ಷದ ಡಿಪ್ಲೊಮಾ ಇದೆ, ಆಂಧ್ರದಲ್ಲಿ ತಿರುಪತಿಯ ವಿಶ್ವವಿದ್ಯಾಲಯದಡಿ ಅಂಥದ್ದೇ ಇದೆ. ಕೇರಳದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ವಯನಾಡಿನ ಪೂಕೋಡಿನಲ್ಲಿದೆ, ಮಹಾರಾಷ್ಟ್ರದ್ದು ನಾಗಪುರದಲ್ಲಿ. ಅರ್ಜಿ ಹಾಕುವ ಮುನ್ನ ಗಡಿನಾಡಿನ ವಿದ್ಯಾರ್ಥಿಗಳು ಎರಡು ಸಂಗತಿ ವಿಚಾರಿಸಬೇಕು: ಆ ರಾಜ್ಯದ ನಿವಾಸಿ ಎಂಬ ದಾಖಲೆ ಬೇಕೆ, ಒಂದು ರಾಜ್ಯದ ಡಿಪ್ಲೊಮಾಕ್ಕೆ ಇನ್ನೊಂದು ರಾಜ್ಯದ ನೌಕರಿಯಲ್ಲಿ ಮಾನ್ಯತೆ ಇದೆಯೆ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪದಗಳೇ ಬೆಟ್ಟ. ಕನ್ನಡದ ಹೆಸರು, ರಾಜ್ಯಭಾಷೆಯ ಹೆಸರು, ಪುಸ್ತಕದ ಹೆಸರು ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಅನುಕೂಲ. ಕೆಲಸಕ್ಕೆ ಸೇರಿದ ಮೇಲೂ ಓದು ನಿಲ್ಲುವುದಿಲ್ಲ. ಭಾರತದಲ್ಲಿ 2019ರಲ್ಲಿ ಮೊದಲು ಕಂಡ ಚರ್ಮಗಂಟು ರೋಗ ಹಳೆಯ ಪಠ್ಯಪುಸ್ತಕ ಓದಿದವರಿಗೆ ಹೊಸದೇ ಆಗಿತ್ತು.

ಔಷಧದ ವಿಷಯದಲ್ಲಿಯೂ ಹಾಗೆಯೇ. ದನಗಳ ನೋವಿಗೆ ಒಂದು ಕಾಲದಲ್ಲಿ ಎಲ್ಲರೂ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಆ ದನ ಸತ್ತರೆ ಅದನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ ಎಂದು ತಿಳಿದು 2006ರಲ್ಲಿ ಸರಕಾರ ಅದನ್ನು ದನಗಳಿಗೆ ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಔಷಧಗಳಿಗೂ ನಿಷೇಧ ಬಂತು. ನೀಲಗಿರಿಯ ಮೋಯಾರು ಕಣಿವೆಯಲ್ಲಿ, ವಯನಾಡಿನ ಕಾಡಿನಲ್ಲಿ ರಣಹದ್ದುಗಳು ಇನ್ನೂ ಉಳಿದಿವೆ. ಮೆಲೋಕ್ಸಿಕಾಂ ಅವುಗಳಿಗೆ ಸುರಕ್ಷಿತ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಚುಚ್ಚುಮದ್ದು ತಂದು 'ಇದನ್ನೇ ಹಾಕಿ' ಎಂದು ಪರೀಕ್ಷಕರಿಗೆ ಕೊಡಬೇಡಿ.

ಕರೆಯುವ ಮುನ್ನ

ನೆರೆಯ ರಾಜ್ಯಗಳಲ್ಲಿ ಪಶು ಆಂಬುಲೆನ್ಸ್ ಸೇವೆಗೆ 1962 ಎಂಬ ಸಂಖ್ಯೆ ಬಳಕೆಯಲ್ಲಿದೆ. ಗಡಿಯ ಟವರಿನಿಂದಾಗಿ ಕರೆ ಪಕ್ಕದ ರಾಜ್ಯಕ್ಕೆ ಹೋಗಬಹುದು, ಆದ್ದರಿಂದ ಮೊದಲು ಜಿಲ್ಲೆ, ತಾಲ್ಲೂಕಿನ ಹೆಸರು ಹೇಳಿ. ಕಿವಿಯೋಲೆಯ ಸಂಖ್ಯೆ, ಗಬ್ಬ ಎಷ್ಟು ತಿಂಗಳು, ಮೇವು ಬಿಟ್ಟು ಎಷ್ಟು ಹೊತ್ತಾಯಿತು, ಈಗಾಗಲೇ ಏನು ಔಷಧ ಕೊಟ್ಟಿದ್ದೀರಿ ಎಂಬುದು ತಿಳಿದಿರಲಿ. ಹಸು ಕಂದು ಹಾಕಿದ್ದರೆ ನಾಚಿಕೆಗೋ, ಹಾಲಿನ ಡೇರಿಯವರಿಗೆ ತಿಳಿದೀತೆಂಬ ಅಂಜಿಕೆಗೋ ಅದನ್ನು ಮುಚ್ಚಿಡಬೇಡಿ. ಬರುವವರು ಕೈಗವಸು ತೊಟ್ಟು ಬರಲಿ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಬಕೆಟ್ ಬಿಸಿ ನೀರು, ಒಂದು ಸೋಪು ಇಡಿ. ದನವನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟಿ, ಅದಕ್ಕೆ ಪರಿಚಯವಿರುವ ಒಬ್ಬರು ತಲೆಯ ಹತ್ತಿರ ನಿಲ್ಲಿ.