ಬೇರಿಯಾಟ್ರಿಕ್ ಸರ್ಜರಿ: ಉಸಿರಿನ ವ್ಯಾಯಾಮ ಯಾವಾಗ, ಎಷ್ಟು?

ಮೈಸೂರಿನ ಸಿದ್ಧಾರ್ಥನಗರದಿಂದ ಜಗನ್ಮೋಹನ ಅರಮನೆಗೆ ಕೆಲವೇ ಕಿಲೋಮೀಟರ್ ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಯೋಗಶಾಲೆ ಆರಂಭಿಸಿದ್ದು ಅಲ್ಲೇ. ಅವರು ಕನ್ನಡದಲ್ಲಿ ಬರೆದ ‘ಯೋಗ ಮಕರಂದ’ ಮರುವರ್ಷ ಬಂತು. ಉಸಿರಾಟವನ್ನು ಕಲಿಸಬಹುದು, ಕಲಿಯಬಹುದು ಎಂಬುದು ಹೀಗಾಗಿ ಈ ಊರಿಗೆ ಹಳೆಯ ಸಂಗತಿ. ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಜೊತೆಗೆ ಅದು ಸೇರಿಕೊಂಡದ್ದು ಮಾತ್ರ ಹೊಸದು. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕೈಗೆ ಆಸ್ಪತ್ರೆಯಲ್ಲಿ ಮೂರು ಚೆಂಡುಗಳ ಸ್ಪೈರೋಮೀಟರ್ ಬರುತ್ತದೆ. ಮನೆಗೆ ಮರಳಿದ ಮೇಲೆ ನೋಡಲು ಬಂದವರಿಂದ ‘ದಿನಾ ಕಪಾಲಭಾತಿ ಮಾಡಿ’ ಎಂಬ ಸಲಹೆ ಬರುತ್ತದೆ. ಎರಡರ ಹಿಂದೆಯೂ ಸುಮಾರು ನೂರು ವರ್ಷಗಳ ಪ್ರಯೋಗ ಮತ್ತು ವಾದಗಳಿವೆ. ಅವುಗಳ ಒಟ್ಟು ಫಲಿತಾಂಶ ಇಷ್ಟು: ಉಸಿರಿನ ಪಾಠ ಆಪರೇಷನ್‌ಗೆ ಮುಂಚೆ ಆಗಬೇಕು, ಆಮೇಲಿನ ಹೆಚ್ಚಿನ ಕೆಲಸ ಕಾಲಿನದು.

ಹೊಟ್ಟೆಯ ಗಾಯ, ಎದೆಯ ತೊಂದರೆ

ಹೊಟ್ಟೆಯ ಆಪರೇಷನ್ ಆದವರಿಗೆ ಶ್ವಾಸಕೋಶದ ತೊಂದರೆ ಯಾಕೆ ಬರುತ್ತದೆ? ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್ 1908 ಮತ್ತು 1910ರಲ್ಲಿ ಇದನ್ನು ವಿವರಿಸಿದರು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಸರಿಯಾಗಿ ಇಳಿಯದಿದ್ದರೆ ಶ್ವಾಸಕೋಶದ ತಳಭಾಗ ಗಾಳಿಯಿಲ್ಲದೆ ಕುಸಿಯುತ್ತದೆ ಎಂದು ಅವರು ತೋರಿಸಿದರು. ಅಲ್ಲಿ ಕಫ ಕಟ್ಟಿಕೊಂಡರೆ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಎದೆಗೆ ಗಾಯವಾದ ಸೈನಿಕರಿಗೆ ಉಸಿರಿನ ವ್ಯಾಯಾಮ ಕಲಿಸಿದ ವಿವರಗಳನ್ನು ಕಾರ್ಟ್‌ಲ್ಯಾಂಡ್ ಮ್ಯಾಕ್‌ಮಹನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿನ ಎದೆಯ ಫಿಸಿಯೋಥೆರಪಿಯ ಆರಂಭದ ದಾಖಲೆಗಳಲ್ಲಿ ಅದೂ ಒಂದು.

ಬೊಜ್ಜು ಇರುವವರಲ್ಲಿ ಈ ಸಮಸ್ಯೆ ಆಪರೇಷನ್‌ಗೆ ಮೊದಲೇ ಇರುತ್ತದೆ. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಸಹಜವಾಗಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಇದರಿಂದ ಕಡಿಮೆಯಾಗುತ್ತದೆ. ಬಿಎಂಐ 30 ತಲುಪುವಷ್ಟರಲ್ಲೇ ಈ ಇಳಿಕೆ ಎದ್ದು ಕಾಣುತ್ತದೆ ಎಂದು 2006ರ ಒಂದು ಅಧ್ಯಯನ ತೋರಿಸಿತು. ಇದರ ಮೇಲೆ ಅರಿವಳಿಕೆಯ ಪರಿಣಾಮವೂ ಸೇರುತ್ತದೆ. ಲ್ಯಾಪರೋಸ್ಕೋಪಿ ಆದ ಸಾಮಾನ್ಯ ತೂಕದವರಲ್ಲಿ ಕುಸಿದ ಭಾಗಗಳು ಒಂದು ದಿನದೊಳಗೆ ತೆರೆದುಕೊಂಡವು, ಅತಿ ಬೊಜ್ಜಿನವರಲ್ಲಿ ಹಾಗೆಯೇ ಉಳಿದವು ಎಂಬುದು 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಕಾಣ್ಕೆ. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಇವರಲ್ಲಿ ಬಹಳ ಸಾಮಾನ್ಯ. ಅಂಥವರಿಗೆ ರಾತ್ರಿ, ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಬೇಕಾಗುತ್ತದೆ. ಆ ಯಂತ್ರದ ಬದಲಿಗೆ ಯಾವ ಪ್ರಾಣಾಯಾಮವೂ ನಿಲ್ಲುವುದಿಲ್ಲ.

ಕತ್ತರಿ ಚಿಕ್ಕದಾಯಿತು

ತೂಕಕ್ಕೆಂದೇ ಮಾಡುವ ಶಸ್ತ್ರಚಿಕಿತ್ಸೆ 1954ರಲ್ಲಿ ಸಣ್ಣಕರುಳಿನ ಬೈಪಾಸ್ ಮೂಲಕ ಅಮೆರಿಕದಲ್ಲಿ ದಾಖಲಾಯಿತು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಆಗೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. ನೋವಿಗೆ ಹೆದರಿ ರೋಗಿ ಕೆಮ್ಮುತ್ತಲೂ ಇರಲಿಲ್ಲ, ಆಳವಾಗಿ ಉಸಿರೆಳೆಯುತ್ತಲೂ ಇರಲಿಲ್ಲ. 1990ರ ದಶಕದಲ್ಲಿ ಲ್ಯಾಪರೋಸ್ಕೋಪಿ ಬಂದು ಗಾಯಗಳು ಚಿಕ್ಕದಾದವು. ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಸ್ಲೀವ್ ವಿಧಾನ ಆಮೇಲೆ ಜನಪ್ರಿಯವಾಯಿತು. ಈಗ ಹೆಚ್ಚಿನವರು ಆಪರೇಷನ್ ಆದ ದಿನವೇ ಎದ್ದು ನಡೆಯುತ್ತಾರೆ. ಉದ್ದನೆಯ ಗಾಯಗಳ ಕಾಲದ ವ್ಯಾಯಾಮ ಇವರಿಗೂ ಅಷ್ಟೇ ಬೇಕೇ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಚೆಂಡುಗಳ ಪರೀಕ್ಷೆ

ಆಳವಾಗಿ ಎಳೆದ ಉಸಿರನ್ನು ಕಣ್ಣಿಗೆ ಕಾಣಿಸುವ ಸ್ಪೈರೋಮೀಟರನ್ನು 1970ರ ದಶಕದ ಆರಂಭದಲ್ಲಿ ರಾಬರ್ಟ್ ಬಾರ್ಟ್ಲೆಟ್ ಮತ್ತು ಸಂಗಡಿಗರು ಪ್ರಚಾರಕ್ಕೆ ತಂದರು. ಅಗ್ಗದ ಪ್ಲಾಸ್ಟಿಕ್ ರೂಪದಲ್ಲಿ ಅದು ಜಗತ್ತಿನ ವಾರ್ಡುಗಳನ್ನೆಲ್ಲ ತಲುಪಿತು. ಪುರಾವೆ ಮಾತ್ರ ಅಷ್ಟು ವೇಗವಾಗಿ ಬರಲಿಲ್ಲ. ಮೇಲು ಹೊಟ್ಟೆಯ ಶಸ್ತ್ರಚಿಕಿತ್ಸೆಗಳ ಕುರಿತು 2014ರಲ್ಲಿ ಬಂದ ಕಾಕ್ರೇನ್ ವಿಮರ್ಶೆಗೆ ಈ ಉಪಕರಣದಿಂದ ಸ್ಪಷ್ಟ ಲಾಭ ಕಾಣಲಿಲ್ಲ. 2017ರಲ್ಲಿ ಬೇರಿಯಾಟ್ರಿಕ್ ರೋಗಿಗಳ ಮೇಲೆಯೇ ನಡೆದ ಪ್ರಯೋಗದ ವರದಿ ‘ಜಾಮಾ ಸರ್ಜರಿ’ಯಲ್ಲಿ ಬಂತು. 224 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಉಪಕರಣ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದಾಗ, ರಕ್ತದ ಆಮ್ಲಜನಕದ ಮಟ್ಟದಲ್ಲಾಗಲಿ ಶ್ವಾಸಕೋಶದ ತೊಡಕುಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಚೆಂಡು ಏರಿಸುವುದು ಅಪಾಯವೇನಲ್ಲ, ಆದರೆ ಅದನ್ನೇ ನೆಚ್ಚಿ ಹಾಸಿಗೆಯಲ್ಲೇ ಉಳಿಯುವುದು ತಪ್ಪು ಲೆಕ್ಕ.

ಇನ್ನೊಂದು ದಿಕ್ಕಿನಿಂದ ಒಳ್ಳೆಯ ಸುದ್ದಿ ಬಂತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಆಸ್ಪತ್ರೆಗಳಲ್ಲಿ ಇಯಾಂಥಿ ಬೋಡನ್ ತಂಡ ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಕಾಯುತ್ತಿದ್ದ 441 ಜನರನ್ನು ಅಧ್ಯಯನಕ್ಕೆ ತೆಗೆದುಕೊಂಡಿತು. ಒಂದು ಗುಂಪಿಗೆ ಸಿಕ್ಕಿದ್ದು ಮಾಹಿತಿ ಪುಸ್ತಿಕೆ. ಇನ್ನೊಂದಕ್ಕೆ ಅದರ ಜೊತೆಗೆ ಫಿಸಿಯೋಥೆರಪಿಸ್ಟ್ ಅರ್ಧ ಗಂಟೆ ಕೂತು, ಎಚ್ಚರವಾದ ಕ್ಷಣದಿಂದ ಹೇಗೆ ಉಸಿರೆಳೆಯಬೇಕು, ಯಾಕೆ ಎಂದು ಕಲಿಸಿದರು. 2018ರ ‘ಬಿಎಂಜೆ’ ವರದಿಯ ಪ್ರಕಾರ ಶ್ವಾಸಕೋಶದ ತೊಡಕುಗಳು ಮೊದಲ ಗುಂಪಿನಲ್ಲಿ ಶೇ 27, ಎರಡನೆಯದರಲ್ಲಿ ಶೇ 12. ಇವು ತೆರೆದ ಶಸ್ತ್ರಚಿಕಿತ್ಸೆಗಳಾದ್ದರಿಂದ ಲ್ಯಾಪರೋಸ್ಕೋಪಿಗೆ ಅಂಕಿಗಳನ್ನು ಹಾಗೇ ಹೊಂದಿಸಲಾಗದು. ಪಾಠ ಮಾತ್ರ ಹೊಂದುತ್ತದೆ: ನೋವು, ಮಂಪರು ಇರುವಾಗ ಹೊಸದನ್ನು ಕಲಿಯುವುದು ಕಷ್ಟ, ಮುಂಚೆ ಕಲಿತದ್ದು ನೆನಪಿಗೆ ಬರುತ್ತದೆ. ಉಸಿರೆಳೆಯುವಾಗ ತಡೆ ಒಡ್ಡುವ ಚಿಕ್ಕ ಉಪಕರಣದಿಂದ ಬೇರಿಯಾಟ್ರಿಕ್ ರೋಗಿಗಳ ಉಸಿರಾಟದ ಸ್ನಾಯುಗಳಿಗೆ ಬಲ ಬಂತು ಎಂದು ಬ್ರೆಜಿಲ್‌ನ ಸಣ್ಣ ಅಧ್ಯಯನಗಳೂ ಹೇಳಿವೆ.

ಯೋಗಶಾಲೆಯಿಂದ ಪ್ರಯೋಗಾಲಯಕ್ಕೆ

ಪ್ರಾಣಾಯಾಮದ ಪರೀಕ್ಷೆಯೂ ಇದೇ ನೂರು ವರ್ಷಗಳ ಅವಧಿಯಲ್ಲಿ ನಡೆಯಿತು. 1924ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮ ಕಟ್ಟಿ ಪ್ರಯೋಗ ಶುರು ಮಾಡಿದರು. 1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದವರಲ್ಲಿ ಕೃಷ್ಣಮಾಚಾರ್ಯರೂ ಇದ್ದರು. ಯೋಗಿಗಳು ಹೃದಯ ನಿಲ್ಲಿಸಬಲ್ಲರೇ ಎಂಬ ಬ್ರಾಸ್ ಅವರ ಪ್ರಶ್ನೆಗೆ ವೆಂಗರ್, ಬಾಗ್ಚಿ ಮತ್ತು ಆನಂದ್ 1961ರಲ್ಲಿ ಉತ್ತರ ಕೊಟ್ಟರು: ಹೃದಯ ನಿಂತಿರಲಿಲ್ಲ. ಉಸಿರು ಬಿಗಿಹಿಡಿದು ಎದೆ ಹೊಟ್ಟೆಗಳ ಸ್ನಾಯು ಬಿಗಿದಾಗ ಒಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಕೈಗೆ ಸಿಗದಂತಾಗುತ್ತಿತ್ತು.

ಹೊಲಿಗೆ ಇನ್ನೂ ಹಸಿಯಾಗಿರುವವರಿಗೆ ಈ ಉತ್ತರದಲ್ಲಿ ಒಂದು ಎಚ್ಚರಿಕೆಯಿದೆ. ಆರಂಭದ ವಾರಗಳಲ್ಲಿ ದೀರ್ಘ ಕುಂಭಕ (ಉಸಿರು ಬಿಗಿಹಿಡಿಯುವುದು), ಬಂಧಗಳು (ಸ್ನಾಯು ಬಿಗಿಯುವುದು), ಭಸ್ತ್ರಿಕ, ಕಪಾಲಭಾತಿ ಬೇಡ ಎನ್ನುವುದಕ್ಕೆ ಕಾರಣ ಇದೇ ಒತ್ತಡ. ಯಾವಾಗ ಶುರು ಮಾಡಬಹುದೆಂದು ಸರ್ಜನ್‌ರನ್ನೇ ಕೇಳಬೇಕು. ನಿಧಾನದ ದೀರ್ಘ ಉಸಿರು, ಕುಂಭಕವಿಲ್ಲದ ನಾಡಿಶೋಧನ, ಮೆಲುದನಿಯ ಭ್ರಾಮರಿ ಸಾಮಾನ್ಯವಾಗಿ ಹೊಟ್ಟೆಗೆ ಹೊರೆಯಾಗುವುದಿಲ್ಲ. ಬೆಂಗಳೂರಿನಲ್ಲಿ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅಸ್ತಮಾ ರೋಗಿಗಳ ಮೇಲೆ ನಡೆಸಿದ ಯೋಗದ ಅಧ್ಯಯನ 1985ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದು, ಇಂಥ ವಿಷಯವನ್ನು ಹೋಲಿಕೆಯ ಗುಂಪು ಇಟ್ಟು ಅಳೆಯಬಹುದೆಂದು ತೋರಿಸಿತು. ಬೇರಿಯಾಟ್ರಿಕ್ ರೋಗಿಗಳಿಗೂ ಅದೇ ಶಿಸ್ತಿನ ದೊಡ್ಡ ಅಧ್ಯಯನಗಳು ಬೇಕಾಗಿವೆ.

ಮನೆಗೆ ಬಂದ ಮೇಲೆ

ಉಸಿರಿನ ವ್ಯಾಯಾಮ ಕೊಬ್ಬು ಕರಗಿಸುವುದಿಲ್ಲ. ಆಪರೇಷನ್ ನಂತರ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇರುತ್ತದೆ. ತೂಕ ಇಳಿದವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹಗುರವೆನಿಸುವುದು ಮುಖ್ಯವಾಗಿ ಹೊರುವ ಭಾರ ಕಡಿಮೆಯಾದ್ದರಿಂದ. ದೇಹ ಬಳಸಬಲ್ಲ ಆಮ್ಲಜನಕದ ಒಟ್ಟು ಪ್ರಮಾಣ ವ್ಯಾಯಾಮವಿಲ್ಲದೆ ತಾನಾಗಿ ಏರುವುದಿಲ್ಲ. ವೈದ್ಯ ಸಂಘಗಳ ಮಾರ್ಗಸೂಚಿಗಳು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಕ್ರಮೇಣ 300 ನಿಮಿಷ, ಜೊತೆಗೆ ಎರಡು ಮೂರು ದಿನ ಸ್ನಾಯುಬಲದ ವ್ಯಾಯಾಮ ಹೇಳುತ್ತವೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ಸಿದ್ಧಾರ್ಥನಗರದವರಿಗೆ ನಡೆಯಲು ಕಾರಂಜಿ ಕೆರೆಯ ಸುತ್ತಿನ ಸಮತಟ್ಟು ದಾರಿ ಹತ್ತಿರದಲ್ಲೇ ಇದೆ. ಸುಮಾರು ಸಾವಿರ ಮೆಟ್ಟಿಲಿನ ಬೆಟ್ಟ ತಿಂಗಳುಗಳ ನಂತರದ ಗುರಿ, ಅದೂ ದಾರಿಯಲ್ಲಿರುವ ನಂದಿ ವಿಗ್ರಹದವರೆಗಿನ ಭಾಗದಿಂದ ಶುರುವಾಗಲಿ.

ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಇಳಿಯದ ವೇಗದ ನಾಡಿ, ಜ್ವರ ಬಂದರೆ ಪ್ರಾಣಾಯಾಮಕ್ಕೆ ಕೂರಬಾರದು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಥವಾ ಹೊಲಿಗೆ ಸೋರುತ್ತಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೈಸೂರಿನಲ್ಲಿ ಯೋಗ ಶಿಕ್ಷಕರಿಗೂ ಫಿಸಿಯೋಥೆರಪಿಸ್ಟ್‌ಗಳಿಗೂ ಕೊರತೆಯಿಲ್ಲ. ಆಪರೇಷನ್ ದಿನಾಂಕ ಗೊತ್ತಾದ ಕೂಡಲೇ ಇಬ್ಬರಲ್ಲಿ ಒಬ್ಬರು, ಸರ್ಜನ್ ಒಪ್ಪಿದ ಪಾಠವನ್ನು, ಅರ್ಧ ಗಂಟೆ ಹೇಳಿಕೊಟ್ಟರೆ ಸಾಕು. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಆಸ್ಪತ್ರೆಯ ವೇಳಾಪಟ್ಟಿಯಲ್ಲಿ ಅದಕ್ಕೊಂದು ಜಾಗ ಸಿಗಬೇಕು.